ಸಕ್ಕರೆ ತಯಾರಿಕೆಯಲ್ಲಿ ಇಂಧನ ಮಿತವ್ಯಯ: ಮಂಡ್ಯ ಸೀಮೆಯ ಕಾರ್ಖಾನೆಗಳು ಮತ್ತು ಅಂಕಿಅಂಶಗಳ ಬಳಕೆ

ಸಕ್ಕರೆ ಕಾರ್ಖಾನೆಯನ್ನು ಕೃಷಿ ಉದ್ಯಮವೆಂದು ಕರೆಯುವುದು ರೂಢಿ. ಅದರೊಳಗೆ ನಡೆಯುವ ಕೆಲಸವೆಲ್ಲ ರಾಸಾಯನಿಕ ಸ್ಥಾವರದ್ದು: ರಸ ಹಿಂಡುವುದು, ಸುಣ್ಣ ಬೆರೆಸಿ ಗಂಧಕದ ಹೊಗೆ ಹಾಯಿಸಿ ತಿಳಿಗೊಳಿಸುವುದು, ನೀರನ್ನು ಆವಿ ಮಾಡಿ ಹೊರಹಾಕುವುದು, ನಿರ್ವಾತದಲ್ಲಿ ಹರಳು ಕಟ್ಟಿಸುವುದು, ಉಳಿದ ಕಾಕಂಬಿಯನ್ನು ಹುದುಗಿಸಿ ಆಲ್ಕೊಹಾಲನ್ನು ಭಟ್ಟಿ ಇಳಿಸುವುದು. ಈ ಕೆಲಸಗಳಿಗೆಲ್ಲ ಬೇಕಾದ ಶಾಖ ಕಬ್ಬಿನ ಸಿಪ್ಪೆಯಿಂದಲೇ ಬರುತ್ತದೆ. ಕಚ್ಚಾವಸ್ತುವೇ ತನ್ನ ಇಂಧನವನ್ನೂ ಹೊತ್ತು ತರುವ ದೊಡ್ಡ ಉದ್ಯಮಗಳು ವಿರಳ. ಇಂಧನಕ್ಕೆ ಬಿಲ್ಲು ಬರುತ್ತಿರಲಿಲ್ಲವಾದ್ದರಿಂದ ಪೋಲಾದ ಶಾಖವನ್ನು ಬಹುಕಾಲ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಿಕ್ಕ ಹಬೆಯಿಂದ ವಿದ್ಯುತ್ ತಯಾರಿಸಿ ಗ್ರಿಡ್‌ಗೆ ಮಾರುವ ದಾರಿ ತೆರೆದ ಮೇಲೆ ಸಿಪ್ಪೆಗೆ ಬೆಲೆ ಬಂತು, ಅದರ ಹಿಂದೆ ಲೆಕ್ಕವೂ ಬಂತು. ಮಂಡ್ಯ ಜಿಲ್ಲೆಯಲ್ಲಿ, ಮುಖ್ಯವಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಸುತ್ತಿನಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ, ಯಾವ ಅಳತೆ ಎಷ್ಟು ಶಾಖ ಉಳಿಸಬಲ್ಲದು ಎಂಬುದು ಈ ಲೇಖನದ ವಿಷಯ.

ಹಿನ್ನೆಲೆ

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲೇ ಗ್ರೋವ್ಸ್ ಕಂಪನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ತೆರೆದಿದ್ದರು. ರೈತರು ತಂದ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುವುದು ಅಲ್ಲಿನ ಕೆಲಸ. ಅದರ ಸಕ್ಕರೆಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ದೊರೆಯಿತು. ಅದೇ ತಾಲ್ಲೂಕಿನ ಬೆಳಗೊಳದಲ್ಲಿ 1930ರ ದಶಕದ ಕೊನೆಯ ಹೊತ್ತಿಗೆ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ತಲೆಯೆತ್ತಿತು. ಅಮೋನಿಯಂ ಸಲ್ಫೇಟ್ ಗೊಬ್ಬರ ತಯಾರಿಸಿದ ದೇಶದ ಮೊದಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ಕಾವೇರಿಯ ಈ ದಂಡೆಗೆ ರಾಸಾಯನಿಕ ಉದ್ಯಮ ಹೊಸದಲ್ಲ ಎಂಬುದನ್ನು ಇಂದಿನ ಓದುಗರು ಅಷ್ಟಾಗಿ ಬಲ್ಲವರಲ್ಲ. 

1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯೂ ಮುಂದೆ ಬಂದ ವಿಶ್ವೇಶ್ವರಯ್ಯ ನಾಲೆಯೂ ಕಬ್ಬಿಗೆ ನೀರು ಒದಗಿಸಿದವು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಷುಗರ್, ಹುಟ್ಟಿತು. ಆಮೇಲೆ ಪಾಂಡವಪುರದಲ್ಲಿ ಸಹಕಾರ ಸಕ್ಕರೆ ಕಾರ್ಖಾನೆ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಈಗಿನ ಕೋರಮಂಡಲ್ ಶುಗರ್ಸ್, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ ಮತ್ತು ಕೊಪ್ಪಗಳಲ್ಲಿ ಖಾಸಗಿ ಕಾರ್ಖಾನೆಗಳು ಬಂದವು. ಪಾಂಡವಪುರದ ಕಾರ್ಖಾನೆಯನ್ನು 2020ರಲ್ಲಿ ನಿರಾಣಿ ಶುಗರ್ಸ್‌ಗೆ 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಕೆಲವು ಹಂಗಾಮು ಬಾಗಿಲು ಹಾಕಿದ್ದ ಮೈಷುಗರ್ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಮುಚ್ಚುವುದು, ತೆರೆಯುವುದು, ನಡುವೆ ನಿಲ್ಲುವುದು: ಈ ಚರಿತ್ರೆಯನ್ನು ಇಂಧನದ ಲೆಕ್ಕದಿಂದ ಬೇರೆ ಮಾಡಿ ನೋಡಲಾಗದು.

ಶಾಖ ಎಲ್ಲಿ ಹೋಗುತ್ತದೆ

ಕಬ್ಬಿನ ತೂಕದಲ್ಲಿ ಸುಮಾರು ಶೇ. 70 ನೀರು. ಉಳಿದುದರಲ್ಲಿ ನಾರು ಮತ್ತು ಸಕ್ಕರೆ ಹೆಚ್ಚುಕಡಿಮೆ ಸಮಪಾಲು. ಗಾಣದ ಕೊನೆಯ ಉರುಳೆಗಳಿಗೆ ಬರುವ ಹೊತ್ತಿಗೆ ಸಿಪ್ಪೆಯಲ್ಲಿ ಅಂಟಿರುವ ಸಕ್ಕರೆಯನ್ನು ತೊಳೆದು ತೆಗೆಯಲು ಬಿಸಿನೀರು ಚಿಮುಕಿಸುತ್ತಾರೆ. ಹೀಗಾಗಿ 100 ಟನ್ ಕಬ್ಬಿನಿಂದ ಹತ್ತಿರ ಹತ್ತಿರ 100 ಟನ್ ರಸ ಬರುತ್ತದೆ. ಅದರ ಬ್ರಿಕ್ಸ್, ಅಂದರೆ ಕರಗಿದ ಘನವಸ್ತುವಿನ ಪ್ರಮಾಣ, 15ರ ಆಸುಪಾಸು. ಹರಳು ಕಟ್ಟಿಸುವ ನಿರ್ವಾತ ಪಾತ್ರೆಗೆ, ಅಂದರೆ ಪ್ಯಾನ್‌ಗೆ, ಹೋಗುವ ಮುನ್ನ ಅದು 60ಕ್ಕೆ ಏರಬೇಕು, ಎಂದರೆ 75 ಟನ್ ನೀರು ಆವಿಯಾಗಿ ಹೋಗಬೇಕು.

ಒಂದೇ ಪಾತ್ರೆಯಲ್ಲಿ ಕುದಿಸಿದರೆ ಇದಕ್ಕೆ 75 ಟನ್ನಿಗೂ ಮಿಕ್ಕಿ ಹಬೆ ಬೇಕು. ಅಷ್ಟು ಸಿಪ್ಪೆ ಯಾವ ಕಾರ್ಖಾನೆಯಲ್ಲೂ ಇಲ್ಲ. ಈ ಕಗ್ಗಂಟನ್ನು ಬಿಡಿಸಿದವರು ಅಮೆರಿಕದ ನ್ಯೂ ಆರ್ಲಿಯನ್ಸಿನ ನಾರ್ಬರ್ಟ್ ರಿಲ್ಯೂ. ಗುಲಾಮಗಿರಿ ಇನ್ನೂ ಕಾನೂನಾಗಿದ್ದ ನಾಡಿನಲ್ಲಿ ಆಫ್ರಿಕನ್ ಮೂಲದ ತಾಯಿಯ ಮಗನಾಗಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಓದಿದ ಎಂಜಿನಿಯರ್ ಅವರು. ಒಂದು ಪಾತ್ರೆಯ ರಸದಿಂದೆದ್ದ ಆವಿಯನ್ನೇ ಇನ್ನೂ ಕಡಿಮೆ ಒತ್ತಡದ ಮುಂದಿನ ಪಾತ್ರೆಗೆ ಹಬೆಯಾಗಿ ಕೊಡುವ ವಿಧಾನಕ್ಕೆ ಅವರು 1843ರಲ್ಲಿ ಪೇಟೆಂಟ್ ಪಡೆದರು. ಐದು ಪಾತ್ರೆ ಸಾಲಾಗಿ ಇಟ್ಟರೆ 75 ಟನ್ ನೀರಿಗೆ ಸುಮಾರು 15 ಟನ್ ಹಬೆ ಸಾಕು. ಇಂದು ಲೋಕದ ಬಹುತೇಕ ಎಲ್ಲ ಸಕ್ಕರೆ ಕಾರ್ಖಾನೆಗಳೂ ಹಾಲಿನ ಪುಡಿ, ಕಾಗದ, ಉಪ್ಪುನೀರಿನ ಶುದ್ಧೀಕರಣದ ಎಷ್ಟೋ ಘಟಕಗಳೂ ಅವರ ಋಣದಲ್ಲಿವೆ.

ರಿಲ್ಯೂ ಹೇಳಿದ ಎರಡನೆಯ ಸೂತ್ರ ಇನ್ನೂ ಹೆಚ್ಚು ಉಪಯುಕ್ತ. ರಸ ಕಾಯಿಸಲು ಬಾಯ್ಲರಿನ ಹಬೆಯ ಬದಲು ಐದು ಪಾತ್ರೆಗಳ ಸಾಲಿನ ಮೂರನೆಯದರಿಂದ ಆವಿ ತೆಗೆದರೆ, ತೆಗೆದ ಪ್ರತಿ ಟನ್ನಿಗೆ ಐದರಲ್ಲಿ ಮೂರು ಪಾಲು ಹಬೆ ಉಳಿಯುತ್ತದೆ. ಹಸಿ ರಸವನ್ನು 70 ಡಿಗ್ರಿಗೆ ಏರಿಸಲು ಕೊನೆಯ ಪಾತ್ರೆಗಳ ತಣ್ಣನೆಯ ಆವಿಯೂ ಸಾಕು. ಸುಣ್ಣ ಗಂಧಕ ಹಾಕಿದ ರಸವನ್ನು 102 ಡಿಗ್ರಿ ದಾಟಿಸಲು ಮಾತ್ರ ಮೊದಲ ಪಾತ್ರೆಗಳ ಬಿಸಿ ಆವಿ ಬೇಕು. ಯಾವ ಬಿಸಿಯನ್ನು ಯಾವುದಕ್ಕೆ ಜೋಡಿಸಬೇಕೆಂಬ ಈ ಲೆಕ್ಕವನ್ನೇ 1970ರ ದಶಕದಲ್ಲಿ ಬೊಡೊ ಲಿನ್‌ಹಾಫ್ ಮತ್ತು ಸಂಗಡಿಗರು ಪಿಂಚ್ ವಿಶ್ಲೇಷಣೆ ಎಂಬ ಶಾಸ್ತ್ರವಾಗಿ ಬೆಳೆಸಿದರು.

ಹಳೆಯ ಮಾದರಿಯ ಕಾರ್ಖಾನೆಗಳು ಕಬ್ಬಿನ ತೂಕದ ಶೇ. 50ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಬೆ ನುಂಗುತ್ತವೆ. ಚೆನ್ನಾಗಿ ಜೋಡಿಸಿದ ಕಾರ್ಖಾನೆ ಶೇ. 40ಕ್ಕಿಂತ ಕಡಿಮೆಯಲ್ಲೂ ನಡೆಯುತ್ತದೆ. ದಿನಕ್ಕೆ 5000 ಟನ್ ಅರೆಯುವ ಕಡೆ ಈ ಹತ್ತರ ಅಂತರ 500 ಟನ್ ಹಬೆ. ಒಂದು ಕಿಲೋ ಸಿಪ್ಪೆಗೆ 2.2 ಕಿಲೋ ಹಬೆ ಎಂದು ಹಿಡಿದರೆ ದಿನಕ್ಕೆ ಸುಮಾರು 225 ಟನ್ ಸಿಪ್ಪೆ ಉಳಿಯಿತು.

ಇದಕ್ಕೆ ಹೋಲಿಸಿ ಸಿಪ್ಪೆಯ ತೇವದ ಲೆಕ್ಕ ನೋಡಬೇಕು. ತೇವ 50ರಿಂದ 48ಕ್ಕೆ ಇಳಿದರೆ ಪ್ರತಿ ಕಿಲೋದ ನಿವ್ವಳ ಶಾಖಮೌಲ್ಯ ಸುಮಾರು 1800 ಕಿಲೋಕ್ಯಾಲರಿಯಿಂದ 1900ರ ಹತ್ತಿರಕ್ಕೆ ಏರುತ್ತದೆ. ಶೇ. 5ರಷ್ಟು ಲಾಭವೆಂದು ಎಷ್ಟೋ ವರದಿಗಳು ಇಲ್ಲಿಗೇ ನಿಲ್ಲಿಸಿಬಿಡುತ್ತವೆ. ಆದರೆ ನೀರು ಕಡಿಮೆಯಾದಾಗ ಸಿಪ್ಪೆಯ ರಾಶಿಯ ತೂಕವೂ ಇಳಿಯುತ್ತದೆ: ಅದೇ ಕಾರ್ಖಾನೆಯಲ್ಲಿ ದಿನಕ್ಕೆ 1400 ಟನ್ ಇದ್ದದ್ದು 1346 ಟನ್ ಆಗುತ್ತದೆ. ಒಟ್ಟು ಶಾಖದಲ್ಲಿ ನಿಜವಾದ ಗಳಿಕೆ ಶೇ. 1.3 ಮಾತ್ರ, ದಿನಕ್ಕೆ 18 ಟನ್ ಸಿಪ್ಪೆಗೆ ಸಮ. ಒಲೆಯ ಬೆಂಕಿ ಸ್ಥಿರವಾಗಿ ಉರಿಯುವುದು, ಚಿಮಣಿಗೆ ಹೋಗುವ ಹೊಗೆ ಕಡಿಮೆಯಾಗುವುದು ಅದರ ಮೇಲಿನ ಲಾಭ. ಗಾಣದ ಉರುಳೆಗೆ ಮಾಡುವ ಖರ್ಚು ವ್ಯರ್ಥವೆಂದು ಇದರ ಅರ್ಥವಲ್ಲ. ದುಡ್ಡು ಕಡಿಮೆಯಿರುವ ಕಾರ್ಖಾನೆ ಮೊದಲು ನೋಡಬೇಕಾದ್ದು ಇವ್ಯಾಪರೇಟರ್ (ರಸದ ನೀರು ಆರಿಸುವ ಪಾತ್ರೆಗಳ ಸಾಲು) ಮತ್ತು ಪ್ಯಾನ್‌ಗಳ ಕಡೆಗೆ.

ಪ್ಯಾನ್ ವಿಭಾಗದಲ್ಲಿ ನೀರು ಎಷ್ಟು ದುಬಾರಿ ಎಂಬುದು ಅಲ್ಲಿ ದುಡಿದವರಿಗೂ ಎಷ್ಟೋ ಸಲ ಹೊಳೆಯದ ಸಂಗತಿ. ಗಾಣದಲ್ಲಿ ಹೆಚ್ಚು ಸುರಿದ ಒಂದು ಟನ್ ನೀರನ್ನು ಐದು ಪಾತ್ರೆಗಳ ಸಾಲು 200 ಕಿಲೋ ಹಬೆಯಲ್ಲಿ ಹೊರಹಾಕುತ್ತದೆ. ಅದೇ ಟನ್ ನೀರನ್ನು ಪ್ಯಾನ್‌ನಲ್ಲಿ ಬೇಡದ ಸಣ್ಣ ಹರಳು ಕರಗಿಸಲು ಸುರಿದರೆ, ಪ್ಯಾನ್‌ಗೆ ಟರ್ಬೈನಿನಿಂದ ಹೊರಬಂದ ಎಕ್ಸಾಸ್ಟ್ ಹಬೆಯನ್ನು ನೇರವಾಗಿ ಕೊಟ್ಟಿದ್ದಲ್ಲಿ, ಪೂರಾ ಒಂದು ಟನ್ ಹಬೆ ಖರ್ಚು. ಇದೇ ಕಾರಣಕ್ಕೆ ಸಿರಪ್ಪಿನ ಬ್ರಿಕ್ಸ್ ಅನ್ನು 58ರ ಬದಲು 64ಕ್ಕೆ ಒಯ್ದರೆ 100 ಟನ್ ರಸಕ್ಕೆ 2.4 ಟನ್ ನೀರು ಪ್ಯಾನ್‌ನಿಂದ ಇವ್ಯಾಪರೇಟರಿಗೆ ವರ್ಗವಾಗುತ್ತದೆ, ಹತ್ತಿರ 1.9 ಟನ್ ಹಬೆ ಉಳಿಯುತ್ತದೆ. 5000 ಟನ್ನಿನ ಕಾರ್ಖಾನೆಯಲ್ಲಿ ಅದು ದಿನಕ್ಕೆ 95 ಟನ್. ಹೊಸ ಯಂತ್ರವೇನೂ ಬೇಕಿಲ್ಲ. ಬ್ರಿಕ್ಸ್ ಈ ಗಳಿಗೆಯಲ್ಲಿ ಎಷ್ಟಿದೆ ಎಂದು ವಾಲ್ವ್ ತಿರುಗಿಸುವವರಿಗೆ ತಿಳಿದರೆ ಆಯಿತು.

ಅಳತೆಯಿಂದ ಹತೋಟಿಗೆ

ಭಾರತದ ಸಕ್ಕರೆ ಕಾರ್ಖಾನೆಗಳಿಗೆ ಅಂಕಿಗಳ ಕೊರತೆ ಎಂದೂ ಇರಲಿಲ್ಲ. ಲ್ಯಾಬಿನಲ್ಲಿ ಹಗಲು ರಾತ್ರಿ ಬ್ರಿಕ್ಸ್, ಪೋಲ್ (ಸಕ್ಕರೆಯ ಅಂಶ), ಪ್ಯೂರಿಟಿ (ಶುದ್ಧತೆ), ಪಿಎಚ್ ಬರೆಯುತ್ತಾರೆ. ಹದಿನೈದು ದಿನಕ್ಕೊಮ್ಮೆ ಆರ್.ಟಿ. 7-ಸಿ, ಹಂಗಾಮು ಮುಗಿದ ಮೇಲೆ ಆರ್.ಟಿ. 8-ಸಿ ನಮೂನೆಗಳು ತುಂಬುತ್ತವೆ. ಕೊರತೆ ಇರುವುದು ಬೇರೆ ಕಡೆ: ಬರೆದ ಅಂಕಿ ಮೇಲಕ್ಕೆ, ಕಚೇರಿಯ ಕಡೆಗೆ ಹೋಗುತ್ತದೆ, ಕೆಳಕ್ಕೆ, ಯಂತ್ರದ ಕಡೆಗೆ ಹೊತ್ತಿಗೆ ಸರಿಯಾಗಿ ಮರಳುವುದಿಲ್ಲ. ಸಿಪ್ಪೆಯ ತೇವವನ್ನು ಒಲೆಯಲ್ಲಿ ಒಣಗಿಸಿ ತೂಗುವ ಹೊತ್ತಿಗೆ ಆ ಸಿಪ್ಪೆ ಬಾಯ್ಲರಿನಲ್ಲಿ ಬೂದಿಯಾಗಿರುತ್ತದೆ. ಅಂಕಿಅಂಶ ಆಧಾರಿತ ಹತೋಟಿ ಎಂದರೆ ಮೂಲತಃ ಈ ತಡವನ್ನು ನೀಗುವುದು.

ಮೊದಲ ದಾರಿ ನೇರ ಅಳತೆ. ಅವಕೆಂಪು ಕಿರಣದ ಉಪಕರಣ ತೇವವನ್ನು ಕ್ಷಣದಲ್ಲೇ ಹೇಳುತ್ತದೆ. ರಿಫ್ರಾಕ್ಟೋಮೀಟರ್ ಕೊಳವೆಯಲ್ಲೇ ಬ್ರಿಕ್ಸ್ ತೋರಿಸುತ್ತದೆ. ಹೊಗೆಯ ಆಮ್ಲಜನಕ ಅಳೆಯುವ ಉಪಕರಣ ಒಲೆಗೆ ಗಾಳಿ ಹೆಚ್ಚಾಯಿತೇ ಎಂಬುದನ್ನು ತಿಳಿಸುತ್ತದೆ. ಹೊಗೆಯ ತಾಪ 22 ಡಿಗ್ರಿ ಇಳಿದರೆ ಬಾಯ್ಲರ್ ದಕ್ಷತೆ ಸರಿಸುಮಾರು ಶೇ. 1 ಏರುತ್ತದೆಂಬುದು ಬಾಯ್ಲರ್ ಮನೆಯ ಹಳೆಯ ಸೂತ್ರ.

ನೇರವಾಗಿ ಅಳೆಯಲಾಗದ್ದನ್ನು ಲೆಕ್ಕದಿಂದ ಊಹಿಸುವುದು ಇನ್ನೊಂದು ದಾರಿ. ಇವ್ಯಾಪರೇಟರಿನ ಕೊಳವೆಗಳಲ್ಲಿ ಸುಣ್ಣ, ಸಿಲಿಕಾಗಳ ಗಾರೆ ದಿನೇದಿನೇ ಕಟ್ಟುತ್ತದೆ, ಶಾಖ ದಾಟುವುದು ಕಡಿಮೆಯಾಗುತ್ತದೆ. ಒಳಗಿನ ಗಾರೆ ಕಣ್ಣಿಗೆ ಕಾಣದು. ಆದರೆ ಪ್ರತಿ ಪಾತ್ರೆಯ ಒತ್ತಡ, ತಾಪ, ಒಳಬರುವ ಹೊರಹೋಗುವ ಬ್ರಿಕ್ಸ್ ಇವಿಷ್ಟರಿಂದ ಶಾಖ ದಾಟುವ ಗುಣಾಂಕವನ್ನು ಗಂಟೆಗೊಮ್ಮೆ ಲೆಕ್ಕಹಾಕಬಹುದು. ಕ್ಯಾಲೆಂಡರ್ ನೋಡಿ ತೊಳೆಯುವ ಬದಲು ಗುಣಾಂಕ ಇಷ್ಟಕ್ಕೆ ಇಳಿದಾಗ ತೊಳೆಯುವುದು ಎಂದು ನಿಶ್ಚಯಿಸಿದರೆ ಹಬೆಯೂ ಉಳಿಯುತ್ತದೆ, ಕಾಸ್ಟಿಕ್ ಸೋಡವೂ ಉಳಿಯುತ್ತದೆ.

ಮಾಪಕಗಳೂ ಸುಳ್ಳು ಹೇಳುತ್ತವೆ. ಒಳಬಂದ ನೀರು, ಹೊರಹೋದ ನೀರು ಕಾಗದದ ಮೇಲೆ ತಾಳೆಯಾಗದಿದ್ದರೆ ಯಾವುದೋ ಒಂದು ಮಾಪಕ ತಪ್ಪಿದೆ ಎಂದರ್ಥ. ದ್ರವ್ಯ ಮತ್ತು ಶಾಖದ ಸಂರಕ್ಷಣಾ ನಿಯಮಕ್ಕೆ ಎಲ್ಲ ಅಳತೆಗಳನ್ನೂ ಹೊಂದಿಸಿ, ತಪ್ಪಿದ್ದನ್ನು ಹಿಡಿಯುವ ಸಂಖ್ಯಾಶಾಸ್ತ್ರದ ವಿಧಾನವಿದೆ. ಹತ್ತಾರು ಅಳತೆಗಳನ್ನು ಒಟ್ಟಿಗೆ ನೋಡಿ ಕಾರ್ಖಾನೆ ತನ್ನ ಎಂದಿನ ನಡೆಯಿಂದ ಎಷ್ಟು ದೂರ ಸರಿದಿದೆ ಎಂದು ಹೇಳಲು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1936ರಲ್ಲಿ ಮಂಡಿಸಿದ ದೂರದ ಅಳತೆ ಇಂದಿಗೂ ಬಳಕೆಯಲ್ಲಿದೆ. ಅವರ ಬಳಗದಲ್ಲಿ ಬೆಳೆದು ಬಹುಚರ ವಿಶ್ಲೇಷಣೆಗೆ ಅಡಿಪಾಯ ಹಾಕಿದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ ಎಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯಬೇಕು.

ಇದೆಲ್ಲದರ ಮೇಲೆ ನಿಲ್ಲುವುದು ಮುನ್ನೋಟದ ಹತೋಟಿ: ಮುಂದಿನ ಅರ್ಧ ಗಂಟೆಯಲ್ಲಿ ಹಬೆ ಎಷ್ಟು ಬೇಕಾದೀತು ಎಂದು ಲೆಕ್ಕ ಕಟ್ಟಿ ಬಾಯ್ಲರ್, ಟರ್ಬೈನ್, ಪ್ಯಾನ್‌ಗಳನ್ನು ಒಟ್ಟಿಗೆ ನಡೆಸುವುದು. ಪ್ಯಾನ್‌ಗಳು ಒಂದೊಂದೇ ಸರದಿಯಲ್ಲಿ ಕುದಿಯುತ್ತವೆ. ಎರಡು ಪ್ಯಾನ್ ಒಟ್ಟಿಗೆ ಹಬೆ ಬೇಡಿದರೆ ಒತ್ತಡ ಕುಸಿಯುತ್ತದೆ, ಎರಡೂ ಸುಮ್ಮನಿದ್ದರೆ ಮಿಕ್ಕ ಹಬೆ ಆಕಾಶಕ್ಕೆ ಹಾರುತ್ತದೆ. ಪ್ಯಾನ್‌ಗಳ ಸರದಿಯನ್ನು ಹಂಚಿಕೊಡುವ ಸರಳ ಕಂಪ್ಯೂಟರ್ ಪಟ್ಟಿ ದುಬಾರಿ ಕೃತಕ ಬುದ್ಧಿಮತ್ತೆಗಿಂತ ಹೆಚ್ಚು ಫಲ ಕೊಡುವ ಜಾಗ ಇದು. ಪಂಪುಗಳದೂ ಅದೇ ಮಾತು. ವೇಗ ಬದಲಿಸುವ ಡ್ರೈವ್ ಕೂರಿಸಿ ಕಂಡೆನ್ಸರಿಗೆ ನೀರೆತ್ತುವ ಪಂಪಿನ ವೇಗವನ್ನು ಶೇ. 80ಕ್ಕೆ ತಂದರೆ ವಿದ್ಯುತ್ ಅರ್ಧಕ್ಕೆ ಇಳಿಯುತ್ತದೆ; ನಿರ್ವಾತ ಸಾಕಷ್ಟಿದೆಯೇ ಎಂದು ಮಾಪಕ ನೋಡಿಕೊಳ್ಳುತ್ತಿದ್ದರೆ ಭಯವಿಲ್ಲ.

ಯಂತ್ರಕಲಿಕೆಯ ಮಾದರಿಗಳ ಬಗ್ಗೆ ಎಚ್ಚರ ಬೇಕು. ಮಂಗಳೂರಿನ ಪಣಂಬೂರಿನಲ್ಲಿರುವ ಗೊಬ್ಬರ ಕಾರ್ಖಾನೆಗೆ ಕೊಳವೆಯಲ್ಲಿ ಬರುವ ಅನಿಲದ ಗುಣ ದಿನದಿಂದ ದಿನಕ್ಕೆ ಹೆಚ್ಚು ಬದಲಾಗದು. ಮಂಡ್ಯದ ಕಬ್ಬು ಹಾಗಲ್ಲ. ಬೆಳಗಾವಿ ಕಡೆ ಚಳಿಗಾಲದಲ್ಲಿ ಗಾಣ ತಿರುಗಿದರೆ, ಇಲ್ಲಿ ಮಳೆಗಾಲದ ಜುಲೈ ಹೊತ್ತಿಗೇ ತಿರುಗತೊಡಗುತ್ತದೆ. ಕೆಸರು ಮೆತ್ತಿದ ಕಬ್ಬು, ಸಕ್ಕರೆ ಇನ್ನೂ ಪೂರ್ತಿ ಕೂಡದ ಕಬ್ಬು ಬರುತ್ತದೆ. ಕೋ 62175 ತಳಿಯ ಜೊತೆಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನ ವಿಸಿಎಫ್ 0517ರಂಥ ಹೊಸ ತಳಿಗಳು ಬೆರೆತು ಬರುತ್ತವೆ. ಡಿಸೆಂಬರಿನ ಅಂಕಿಗಳಿಂದ ಕಲಿತ ಮಾದರಿ ಆಗಸ್ಟಿನಲ್ಲಿ ದಾರಿ ತಪ್ಪುತ್ತದೆ. ತಳಿ, ತಾಲ್ಲೂಕು, ಕಟಾವಿನ ಹೊತ್ತು ಇವನ್ನೂ ಮಾದರಿಗೆ ಉಣಿಸಬೇಕು.

ಕಟಾವಿನ ಹೊತ್ತು

ಕಡಿದ ಗಳಿಗೆಯಿಂದ ಕಬ್ಬಿನ ಸಕ್ಕರೆ ಒಡೆಯತೊಡಗುತ್ತದೆ. ಗೇಟಿನ ಮುಂದೆ ಟ್ರಾಕ್ಟರುಗಳು, ಎತ್ತಿನ ಗಾಡಿಗಳು ಬಿಸಿಲಿನಲ್ಲಿ ಸಾಲು ನಿಂತಷ್ಟೂ ಬ್ಯಾಕ್ಟೀರಿಯಾಗಳು ಡೆಕ್ಸ್ಟ್ರಾನ್ ಎಂಬ ಲೋಳೆಯಂಥ ವಸ್ತುವನ್ನು ಹುಟ್ಟಿಸುತ್ತವೆ. ಅದರಿಂದ ಸಿರಪ್ ಗಟ್ಟಿಯಾಗಿ ಹರಿಯುತ್ತದೆ, ಹರಳು ಕಟ್ಟುವುದು ನಿಧಾನವಾಗುತ್ತದೆ, ಪ್ಯಾನ್ ಹೆಚ್ಚು ಹೊತ್ತು ಕುದಿಯಬೇಕಾಗುತ್ತದೆ. ರೈತನಿಗೆ ತೂಕದಲ್ಲಿ ನಷ್ಟ, ಕಾರ್ಖಾನೆಗೆ ಇಳುವರಿಯಲ್ಲೂ ಹಬೆಯಲ್ಲೂ ನಷ್ಟ. ಇನ್ನು ಕಬ್ಬು ಬಾರದೆ ಗಾಣ ನಿಂತರೆ ಬಾಯ್ಲರನ್ನು ಬಿಸಿಯಾಗಿಟ್ಟುಕೊಳ್ಳಲು ಸಿಪ್ಪೆ ಸುಡುತ್ತಲೇ ಇರಬೇಕು, ಒಂದು ಚೀಲ ಸಕ್ಕರೆಯೂ ಹೊರಬರದೆ.

ಹೀಗಾಗಿ ಈ ಸೀಮೆಯ ಕಾರ್ಖಾನೆಗಳ ಮಟ್ಟಿಗೆ ಅತಿ ಮುಖ್ಯ ಇಂಧನ ಮಾಪಕ ಬಾಯ್ಲರ್ ಮನೆಯಲ್ಲಿಲ್ಲ, ತೂಕದ ಸೇತುವೆಯ ಬಳಿ ಇದೆ ಎಂಬುದು ಈ ಲೇಖಕನ ದೃಢ ಅಭಿಪ್ರಾಯ. ಕಟಾವಿನ ಆದೇಶ ಕೊಟ್ಟ ಹೊತ್ತು, ಕಡಿದ ಹೊತ್ತು, ಗೇಟಿಗೆ ಬಂದ ಹೊತ್ತು, ಅರೆದ ಹೊತ್ತು ಈ ನಾಲ್ಕನ್ನೂ ಪ್ರತಿ ಗಾಡಿಗೂ ಬರೆದಿಟ್ಟು, ಅದರ ಮೇಲೆ ಮರುದಿನದ ಆದೇಶ ಹೊರಡಿಸಿದರೆ ಗಾಣ ಒಂದೇ ಹದದಲ್ಲಿ ತಿರುಗುತ್ತದೆ. ಆ ಪಟ್ಟಿ ರೈತರ ಮೊಬೈಲಿಗೂ ಹೋಗಬೇಕು. ಸರದಿಯಲ್ಲಿ ಅನ್ಯಾಯವಿಲ್ಲವೆಂದು ಕಣ್ಣಾರೆ ಕಂಡ ರೈತ ಕಬ್ಬನ್ನು ಬೇರೆಡೆಗೆ ಸಾಗಿಸಲು ಅವಸರಪಡುವುದಿಲ್ಲ.

ಭಟ್ಟಿ ಮತ್ತು ಕಾನೂನು

ಹುದುಗಿದ ಕಾಕಂಬಿಯಲ್ಲಿ ಆಲ್ಕೊಹಾಲ್ ಹತ್ತರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಭಟ್ಟಿ ಇಳಿಸುವಾಗ ತೂಕದಲ್ಲಿ ಸುಮಾರು ಶೇ. 95.6ರ ಆಚೆ ಸಾಮಾನ್ಯ ಒತ್ತಡದಲ್ಲಿ ಹೋಗಲಾಗದು. ಪೆಟ್ರೋಲಿಗೆ ಬೆರೆಸುವ ಎಥನಾಲಿಗೆ ಉಳಿದ ನೀರನ್ನೂ ತೆಗೆಯಬೇಕು. ಹಿಂದೆ ಬೆಂಜೀನಿನಂಥ ದ್ರವ ಸೇರಿಸಿ ಮತ್ತೆ ಭಟ್ಟಿ ಹಿಡಿಯುತ್ತಿದ್ದರು. ಈಗ ಅಣುಜರಡಿ ನೀರನ್ನು ಹೀರುತ್ತದೆ, ಹಬೆಯ ಖರ್ಚು ಬಹಳ ಇಳಿದಿದೆ. ಒಂದು ಗೋಪುರದ ಆವಿಯಿಂದ ಇನ್ನೊಂದನ್ನು ಕಾಯಿಸುವ ಬಹು ಒತ್ತಡದ ಭಟ್ಟಿ ಇಲ್ಲೂ ರಿಲ್ಯೂ ತೋರಿದ ದಾರಿಯಲ್ಲೇ ನಡೆಯುತ್ತದೆ.

2001ರ ಇಂಧನ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿ ಸಕ್ಕರೆಯೂ ರಾಸಾಯನಿಕಗಳೂ ಇವೆ. ಆದರೆ ಇಂಧನ ದಕ್ಷತಾ ಬ್ಯೂರೊ 2012ರಲ್ಲಿ ಶುರುಮಾಡಿದ, ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಡುವ ಪ್ಯಾಟ್ ಯೋಜನೆಯ ಮೊದಲ ಎಂಟು ವಲಯಗಳಲ್ಲಿ ಸಕ್ಕರೆ ಇರಲಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಸಕ್ಕರೆ ಮತ್ತು ಡಿಸ್ಟಿಲರಿಗಳೂ ಸೇರಿದಂತೆ 17 ಬಗೆಯ ಉದ್ಯಮಗಳು ಹೊಗೆ, ತ್ಯಾಜ್ಯನೀರುಗಳ ಅಳತೆಯನ್ನು ಆನ್‌ಲೈನಿನಲ್ಲಿ ಕಳಿಸಬೇಕೆಂದು ವಿಧಿಸಿತು. ದಂಡದ ಭಯಕ್ಕೆ ಕೂರಿಸಿದ ಆ ಮಾಪಕಗಳ ಜೊತೆಗೇ ಆಮ್ಲಜನಕ, ತಾಪಗಳ ಅಳತೆಯನ್ನೂ ಜೋಡಿಸಿದರೆ ಬಾಯ್ಲರಿನ ದಕ್ಷತೆ ಕೈಗೆ ಸಿಗುತ್ತದೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ, 1962ರಿಂದ ಇರುವ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಬಿ.ಜಿ. ನಗರದ ಎಂಜಿನಿಯರಿಂಗ್ ಕಾಲೇಜು ಇವುಗಳ ವಿದ್ಯಾರ್ಥಿಗಳು ಒಂದೊಂದು ಹಂಗಾಮು ಒಂದೊಂದು ಕಾರ್ಖಾನೆಯ ಅಂಕಿಗಳ ಮೇಲೆ ಕೂತರೆ ಆಗುವ ಕೆಲಸ ಸಣ್ಣದಲ್ಲ.

ಆಲೆಮನೆ

ಮಂಡ್ಯ ಸೀಮೆಯ ಕಬ್ಬಿನಲ್ಲಿ ದೊಡ್ಡ ಪಾಲು ಆಲೆಮನೆಗಳಿಗೆ ಹೋಗುತ್ತದೆ. ಅಲ್ಲಿ ರಿಲ್ಯೂ ಇನ್ನೂ ಕಾಲಿಟ್ಟಿಲ್ಲ: ತೆರೆದ ಕೊಪ್ಪರಿಗೆಯಿಂದೆದ್ದ ಆವಿಯೆಲ್ಲ ಗಾಳಿಗೆ. 100 ಕಿಲೋ ಕಬ್ಬಿನ ಹಾಲಿನಿಂದ 20 ಕಿಲೋ ಬೆಲ್ಲವಾಗಬೇಕಾದರೆ 80 ಕಿಲೋ ನೀರು ಆರಬೇಕು. ಕಾಯಿಸುವುದೂ ಸೇರಿ 210 ಮೆಗಾಜೂಲ್ ಶಾಖ ಬೇಕು. ಅಷ್ಟು ಹಾಲು ಕೊಟ್ಟ ಕಬ್ಬಿನ ಸಿಪ್ಪೆ ಚೆನ್ನಾಗಿ ಒಣಗಿದರೆ 470 ಮೆಗಾಜೂಲ್ ಕೊಡಬಲ್ಲದು. ಅಂದರೆ ಒಲೆ ತನ್ನ ಶಾಖದಲ್ಲಿ ನೂರಕ್ಕೆ 45ನ್ನು ಕೊಪ್ಪರಿಗೆಗೆ ಮುಟ್ಟಿಸಿದರೆ ಸಾಕು, ಹೊರಗಿನಿಂದ ಸೌದೆ ತರಬೇಕಿಲ್ಲ. ಒಂದೇ ಕೊಪ್ಪರಿಗೆಯ ಹಳೆಯ ಒಲೆಯಲ್ಲಿ ಅಷ್ಟು ದಕ್ಕುವುದಿಲ್ಲ. ಬಿಸಿ ಹೊಗೆ ಎರಡನೆಯ, ಮೂರನೆಯ ಕೊಪ್ಪರಿಗೆಯ ಅಡಿಯಲ್ಲಿ ಹಾದು ಹೋಗುವಂತೆ ಕಟ್ಟಿದ ಒಲೆಯಲ್ಲಿ ಅದನ್ನು ಸಾಧಿಸಬಹುದು.

ಪಾಕ ಬಂದಿತೇ ಎಂದು ತಿಳಿಯಲು ಅನುಭವಿಗಳು ಒಂದಿಷ್ಟನ್ನು ತಣ್ಣೀರಿಗೆ ಹಾಕಿ ಉಂಡೆಗಟ್ಟುವುದನ್ನು ನೋಡುತ್ತಾರೆ. ಅಚ್ಚು ಬೆಲ್ಲಕ್ಕೆ ಆ ಹದ 118 ಡಿಗ್ರಿಯ ಆಸುಪಾಸಿನಲ್ಲಿದೆ. ದ್ರವ ಬೆಲ್ಲಕ್ಕೆ 105, 106. ಹದ ಮೀರಿದರೆ ಬಣ್ಣ ಕೆಡುತ್ತದೆ, ಬಣ್ಣಕ್ಕೆಂದು ರಾಸಾಯನಿಕ ಸುರಿಯುವ ಚಟ ಅಲ್ಲಿಂದಲೇ ಹುಟ್ಟುತ್ತದೆ. ಪಾಕದ ತಾಪವನ್ನೂ ಚಿಮಣಿಯ ಬುಡದ ಹೊಗೆಯ ತಾಪವನ್ನೂ ಅಳೆಯುವ ಎರಡು ತಾಪಮಾಪಕ, ಹಾಲಿನ ಬ್ರಿಕ್ಸ್ ನೋಡುವ ಒಂದು ಕೈರಿಫ್ರಾಕ್ಟೋಮೀಟರ್, ಪ್ರತಿ ಕೊಪ್ಪರಿಗೆಗೆ ಸುಟ್ಟ ಸಿಪ್ಪೆಯ ತೂಕ ಬರೆದಿಡಲು ಒಂದು ನೋಟ್ ಬುಕ್ಕು ಇದ್ದರೆ ಆಲೆಮನೆಯ ಒಡೆಯ ತನ್ನ ಒಲೆಯನ್ನು ಪಕ್ಕದ ಊರಿನ ಒಲೆಯೊಡನೆ ಹೋಲಿಸಬಹುದು. ಯಾವ ಒಲೆ ಕಡಿಮೆ ಸಿಪ್ಪೆಯಲ್ಲಿ ಒಳ್ಳೆಯ ಬೆಲ್ಲ ತೆಗೆಯಿತೆಂಬುದು ಹಂಗಾಮು ಮುಗಿಯುವ ಹೊತ್ತಿಗೆ ಆ ಪುಸ್ತಕಗಳಲ್ಲೇ ಇರುತ್ತದೆ. ಮುಂದಿನ ವರ್ಷ ಒಲೆ ಕಟ್ಟುವ ಗಾರೆಯವರು ಅದನ್ನು ನೋಡಿಯೇ ಅಳತೆ ಹಾಕಿಕೊಳ್ಳಬಹುದು.